ರಸ್ತೆ ಕೆಟ್ಟದ, ಅದಕ್ಕೇ ಗಾಡಿ ನೋಡಿ ಬಿಡ್ರಿ

ಇವತ್ತು ಬೆಳಿ ವಿಷಯ ಅಲ್ಲ, ಬೆಳಿ ಹೊತ್ಕೊಂಡು ಹೋಗೋ ಗಾಡಿ ವಿಷಯ. ಸ್ವಲ್ಪ ಉದ್ದ ಅದ, ಪೂರ್ತಿ ಓದ್ರಿ.

ಕಬ್ಬಿನ ಹಂಗಾಮು ಸುರು ಆತಂದ್ರ ಇಂಡಿಯಿಂದ ಮುದ್ದೇಬಿಹಾಳದ ತನಕ ಯಾವ ರಸ್ತೆಗೆ ನಿಂತರೂ ಒಂದೇ ನೋಟ. ಡಬಲ್ ಟ್ರೇಲರ್ ಟ್ರ್ಯಾಕ್ಟರ್, ಅದರ ಹಿಂದ ಲಾರಿ, ಮತ್ತ ಟ್ರ್ಯಾಕ್ಟರ್. ಮರಗೂರು, ಹಾವಿನಾಳ, ಆಲಮೇಲ, ಯರಗಲ್ ಕಡೆ ಹಗಲು ರಾತ್ರಿ ಸಾಲು. ಅದೇ ಹೊತ್ತಿಗೆ ತೊಗರಿ ಗಾಡಿ, ಹತ್ತಿ ಗಾಡಿ, ಇಂಡಿ ಕಡೆಯಿಂದ ಲಿಂಬಿಹಣ್ಣಿನ ಗಾಡಿ. ಎಲ್ಲಾನೂ ಅದೇ ರಸ್ತೆ ಮೇಲೆ.

ರಸ್ತೆ ಹೆಂಗದ ಅಂತ ನಿಮಗ ನಾನು ಹೇಳಬೇಕಾಗಿಲ್ಲ. ಯಾಕ ಹಂಗದ ಅನ್ನೋದು ಮಾತ್ರ ನೆನಪಿಡಬೇಕು. ನಮ್ಮದು ಎರಿ ನೆಲ. ಮಳಿಗಾಲದಾಗ ನೀರು ಕುಡಿದು ಉಬ್ಬತದ, ಬ್ಯಾಸಗಿಯೊಳಗ ಒಣಗಿ ಬಿರೀತದ. ಹೊಲದಾಗ ಕಾಲು ಸಿಗೋವಷ್ಟು ಬಿರುಕು ಬೀಳ್ತಾವಲ್ಲ, ಡಾಂಬರಿನ ಕೆಳಗೂ ಅದೇ ಮಣ್ಣು. ಕೆಳಗ ಮುರುಮು ಸರಿಯಾಗಿ ಹಾಕಿ, ಬಾಜು ಗಟಾರ ತೆಗೆದು ನೀರು ಹೊರಗ ಬಿಡದಿದ್ರ ಮ್ಯಾಲ ಎಷ್ಟು ಡಾಂಬರ್ ಸುರಿದರೂ ಅಂಚು ಕಿತ್ತು ಬರ್ತದ. ನಡುವಿನ ತಗ್ಗಿಗಿಂತ ಈ ಅಂಚು ಹೆಚ್ಚು ಅಪಾಯ. ಎದುರಿಗೆ ಬಸ್ ಬಂತು ಅಂತ ಟ್ರ್ಯಾಕ್ಟರ್ ಎಡಕ್ಕ ಸರೀತದ, ಟ್ರೇಲರಿನ ಎಡಗಾಲಿ ಡಾಂಬರ್ ಬಿಟ್ಟು ಕೆಳಗಿಳೀತದ, ಎತ್ತರಕ್ಕ ಹೇರಿದ ಕಬ್ಬು ಒಂದು ಕಡೆ ವಾಲ್ತದ. ಆಮ್ಯಾಲ ಡ್ರೈವರ್ ಏನೂ ಮಾಡೋಹಂಗಿಲ್ಲ.

ಇದಕ್ಕ ಅಧಿಕಾರಿಗಳನ್ನ ಕೇಳಲೇಬೇಕು. ಆದ್ರ ಯಾರನ್ನ ಕೇಳಬೇಕು ಅಂತ ಗೊತ್ತಿರಬೇಕು. ಸಿಂದಗಿ–ವಿಜಯಪುರ–ನಿಡಗುಂದಿ ಹಾದು ಹೋಗೋ 50, ಝಳಕಿ ಮೇಲಿಂದ ಸೊಲ್ಲಾಪುರಕ್ಕ ಹೋಗೋ 52, ಇವು ರಾಷ್ಟ್ರೀಯ ಹೆದ್ದಾರಿ. ಇವುಗಳ ದೂರಿಗೆ 1033 ನಂಬರ್ ಅದ. ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆ ಲೋಕೋಪಯೋಗಿ ಇಲಾಖೆದು. ಹಳ್ಳಿ ರಸ್ತೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದು. ಗ್ರಾಮ ಪಂಚಾಯತಿ ಮುಂದ ಕೂತು ಹೆದ್ದಾರಿ ತಗ್ಗಿಗೆ ಬೈದ್ರ ತಗ್ಗು ಮುಚ್ಚೂದಿಲ್ಲ.

ಆದ್ರ ನನ್ನ ಅಭಿಪ್ರಾಯ ಬ್ಯಾರೆ ಅದ. ಈ ಹಂಗಾಮು ಮುಗಿಯೋದ್ರೊಳಗ ರಸ್ತೆ ಸುಧಾರಿಸೂದಿಲ್ಲ, ಅದು ನಮಗೂ ಗೊತ್ತು, ಅವರಿಗೂ ಗೊತ್ತು. "ರಸ್ತೇನ ಹಿಂಗದ, ಗಾಡಿ ನೋಡಿ ಏನ್ ಮಾಡೋದು" ಅಂತ ಕಟ್ಟಿ ಮೇಲೆ ಕೂತು ಮಾತಾಡ್ತಾರ. ಇದು ಉಲ್ಟಾ ಮಾತು. ಚೊಲೋ ರಸ್ತೆ ಮೇಲೆ ಸವೆದ ಟೈರು ಇನ್ನೊಂದು ತಿಂಗಳು ಓಡಬಹುದು, ನಮ್ಮ ರಸ್ತೆ ಮೇಲೆ ಓಡೂದಿಲ್ಲ. ಕಮಾನ್ ಪಟ್ಟಿ ಒಂದು ಎಳೆ ಬಿಟ್ಟಿದ್ರ ನಾಲ್ಕು ಪಥದ ಹೆದ್ದಾರಿಯೊಳಗ ಮನಿ ಮುಟ್ಟಬಹುದು, ಇಲ್ಲಿ ಮುಂದಿನ ತಗ್ಗಿನೊಳಗ ಪೂರಾ ಕಟ್ ಆಗ್ತದ.

ನೋಡೋಕೆ ಎಷ್ಟೊತ್ತು ಬೇಕು? ಗ್ಯಾಂಗಿನವರು ಹೇರೋವಾಗ ಡ್ರೈವರ್ ಮೊಬೈಲ್ ನೋಡ್ತಾ ಕೂತಿರ್ತಾನಲ್ಲ, ಅಷ್ಟೊತ್ತಿನೊಳಗ ಎರಡು ಸಲ ನೋಡಬಹುದು. ವೀಲ್ ನಟ್ ಬಿಗಿ ಅದಾವೇನು. ಲಾರಿಯಾದ್ರ ಜೋಡಿ ಟೈರಿನ ನಡುವೆ ಕಲ್ಲು ಸಿಕ್ಕದೇನು, ಗಾಳಿ ಟ್ಯಾಂಕಿನ ನೀರು ಬಿಟ್ಟಾರೇನು, ಬ್ರೇಕಿಗೆ ಗಾಳಿ ಪೂರ್ತಿ ತುಂಬಿದ ಮ್ಯಾಲ ಗಾಡಿ ಎತ್ತಿದ್ರೇನು. ಟ್ರ್ಯಾಕ್ಟರಾದ್ರ ಹುಕ್ಕಿನ ಪಿನ್ನಿಗೆ ಕೆಳಗ ಲಾಕ್ ಅದ ಏನು, ಅಥವಾ ತಂತಿ ಸುತ್ತಿ ಬಿಟ್ಟಾರೇನು. ಇನ್ನ ಒಂದು ದೊಡ್ಡ ಮಾತು: ಟ್ರ್ಯಾಕ್ಟರಿನ ಎಡ ಬಲ ಬ್ರೇಕ್ ಪೆಡಲ್ ಹೊಲದಾಗ ಬಿಡಿ ಇರ್ತಾವ, ತಿರುವಿನೊಳಗ ಅನುಕೂಲ ಆಗ್ಲಿ ಅಂತ. ರಸ್ತೆಗೆ ಏರೋವಾಗ ಎರಡೂ ಕೂಡಿಸಿ ಪಟ್ಟಿ ಹಾಕಬೇಕು. ಹಾಕದೇ ಹಿಂದ ಎರಡು ಟ್ರೇಲರ್ ಕಟ್ಕೊಂಡು ಒಂದೇ ಪೆಡಲ್ ಮೇಲೆ ಕಾಲಿಟ್ರ ಟ್ರ್ಯಾಕ್ಟರ್ ಒಂದು ಕಡೆ ತಿರುಗತದ, ಟ್ರೇಲರ್ ಮೈಮೇಲೆ ಬರ್ತಾವ. ಟ್ರೇಲರಿಗೆ ತನ್ನದೇ ಬ್ರೇಕ್ ಇರೋದು ಎಷ್ಟು ಕಂಡೀರಿ? ಹಳ್ಳದ ಇಳಿಜಾರಿನೊಳಗ ಡೀಸೆಲ್ ಉಳೀತದ ಅಂತ ನ್ಯೂಟ್ರಲ್ ಮಾಡೋವ್ರಿಗೆ ಏನು ಹೇಳೋದು, ಗೇರಿನ ಹಿಡಿತ ಒಂದೇ ಅವರನ್ನ ಉಳಿಸೋದು, ಅದನ್ನೇ ಬಿಟ್ಟಕೊಡ್ತಾರ.

ಎಲ್ಲಕ್ಕಿಂತ ಮೊದಲು ರೇಡಿಯಂ. ಮುಂದ ಬಿಳಿ, ಬಾಜು ಹಳದಿ, ಹಿಂದ ಕೆಂಪು. 60 ಕಿಲೋಮೀಟರ್ ವೇಗದ ಬೈಕ್ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್ ಓಡತದ. ಅವನ ಲೈಟಿಗೆ ಟ್ರೇಲರ್ 40 ಮೀಟರಿನ ಮ್ಯಾಲ ಕಂಡ್ರ ಅವನ ಕೈಯಾಗ ಎರಡೂವರೆ ಸೆಕೆಂಡ್ ಸುದ್ದಾ ಇಲ್ಲ. ಟೇಪ್ ಅಂಟಿಸಿದ್ರೂ ಹಿಂದ ಜೋತುಬಿದ್ದ ಕಬ್ಬು, ರವದಿ ಅದನ್ನ ಮುಚ್ಚಿಬಿಡತದ. ಅದಕ್ಕ ಒಂದು ಹಲಗಿಗೆ ಕೆಂಪು ರೇಡಿಯಂ ಅಂಟಿಸಿ, ಹೇರಿದ ಮ್ಯಾಲ ಲೋಡಿನ ಹೊರಗ ಕಾಣೋಹಂಗ ಕಟ್ರಿ. ಕೆಂಪು ಅರಿವಿ ಹಗಲಿಗೆ ನಡೀತದ, ರಾತ್ರಿಗೆ ಅಲ್ಲ. ಪಂಚರ್ ಆಗಿ ನಿಂತಾಗ ಸುತ್ತ ಕಲ್ಲು ಇಡ್ತಾರ, ಸರಿ. ಹೊರಡೋವಾಗ ಅದೇ ಕಲ್ಲು ಅಲ್ಲೇ ಬಿಟ್ಟು ಹೋಗ್ತಾರ. ಇನ್ನ ಟ್ರ್ಯಾಕ್ಟರಿನ ಆ ಟೇಪ್ ರೆಕಾರ್ಡರ್ ಬಗ್ಗೆ ನಾನು ಬರೆಯೂದಿಲ್ಲ, ಹಾಡು ಮುಂದಿನ ಊರಿಗೆ ಕೇಳ್ತದ, ಹಿಂದಿನವನ ಹಾರ್ನ್ ಡ್ರೈವರಿಗೆ ಕೇಳೂದಿಲ್ಲ.

2024ರ ಡಿಸೆಂಬರಿನೊಳಗ ತಾಳಿಕೋಟಿ ಹತ್ರ ಬಿಳೇಭಾವಿ ಕ್ರಾಸಿನೊಳಗ ಕಾರು ಮತ್ತು ಕಟಾವು ಯಂತ್ರ ಡಿಕ್ಕಿಯಾಗಿ ಐದು ಮಂದಿ ಹೋದ್ರು. ತಪ್ಪು ಯಾರದು ಅನ್ನೋದು ನನ್ನ ವಿಷಯ ಅಲ್ಲ. ಹೊಲದ ಯಂತ್ರ, ಹೊಲದ ಗಾಡಿ ಈಗ ಹೊಲದಾಗ ಅಷ್ಟೇ ಇಲ್ಲ, ಹಗಲು ರಾತ್ರಿ ರಸ್ತೆ ಮೇಲೆ ಅದಾವ, ಅದನ್ನ ಲೆಕ್ಕಕ್ಕ ಹಿಡೀಬೇಕು ಅಂತ ಹೇಳ್ತೀನಿ.

ಈಗ ವಿಮಾ ಮಾತು. ಅಪಘಾತ ಆದ ಮ್ಯಾಲ ಹೊಲ ಮಾರೋ ಪಾಳಿ ಬರೋದು ಇಲ್ಲೇ. ಟ್ರ್ಯಾಕ್ಟರಿಗೆ ವಿಮೆ ಅದ, ಟ್ರೇಲರಿಗೆ ಇಲ್ಲ ಅಂದ್ರ ಕಂಪನಿ ತಕರಾರು ತೆಗೀತದ. ಒಕ್ಕಲುತನಕ್ಕ ಅಂತ ಪಾಲಿಸಿ ಮಾಡಿಸಿ ಬಾಡಿಗಿಗೆ ಕಬ್ಬು ಹೊಡದ್ರೂ ಅದೇ ತಕರಾರು. ಕೆಲವು ಸಲ ಕೋರ್ಟ್ "ಮೊದಲು ಕಂಪನಿ ಕೊಡಲಿ, ಆಮ್ಯಾಲ ಮಾಲೀಕನ ಕಡೆಯಿಂದ ವಸೂಲಿ ಮಾಡಿಕೊಳ್ಳಲಿ" ಅಂತದ. ಮಾಲೀಕ ಅಂದ್ರ ನೀವೇ. ಮಂದಿ ಕೂಡಿಸೋದು ಇನ್ನೂ ಕೆಟ್ಟದ್ದು. ಸರಕು ಗಾಡಿಯೊಳಗ ಸುಮ್ಮನೆ ಕೂತು ಬರೋ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆ ಅಲ್ಲ ಅಂತ ಸುಪ್ರೀಂ ಕೋರ್ಟ್ 2002ರೊಳಗ ಆಶಾರಾಣಿ ಪ್ರಕರಣದಾಗ ಹೇಳ್ಯದ. ಎಳ್ಳ ಅಮಾವಾಸಿಗೆ ಚರಗ ಚೆಲ್ಲಾಕ ಬೀಗರು, ಹುಡುಗರು ಎಲ್ಲಾ ಟ್ರೇಲರಿನೊಳಗ ಕೂತು ಹೋಗ್ತಾರಲ್ಲ, ಅವತ್ತು ಇದನ್ನ ನೆನಪು ಮಾಡ್ಕೋರಿ. ಬೈಕು, ಚಕ್ಕಡಿ, ಟಂಟಂ ಏನಾರ ನೋಡ್ರಿ, ಅಥವಾ ನಡೀರಿ.

ಹೆಚ್ಚು ಹೇರೋದಕ್ಕ ಡ್ರೈವರೊಬ್ಬನೇ ಕಾರಣ ಅಲ್ಲ. ಬಾಡಿಗಿ ಟನ್ ಲೆಕ್ಕ, ಹಂಗಾಗಿ ಅವನು ಹೇರ್ತಾನ. ಕಬ್ಬು ಒಣಗಿ ತೂಕ ಇಳಿತದ ಅನ್ನೋ ಹೆದರಿಕಿಗೆ ಹೊಲದ ಮಾಲೀಕನೂ "ಇನ್ನೊಂದ್ ನಾಲ್ಕು ಹೊರಿ ಒಗೀರಿ" ಅಂತಾನ. ಕೇಂದ್ರದ ಕಾಯ್ದೆಯೊಳಗ ಹೆಚ್ಚು ಭಾರಕ್ಕ 20,000 ರೂಪಾಯಿ ದಂಡ, ಮ್ಯಾಲ ಪ್ರತಿ ಟನ್ನಿಗೆ 2,000. ಹಳ್ಳಿ ರಸ್ತೆಗೆ ಬಂದು ಯಾರು ತೂಗಬೇಕು?

ತೂಗೋರು ಇದ್ದಾರ. ಕಾರ್ಖಾನಿ ಕಾಟಾ. ಪ್ರತಿ ಗಾಡಿ ಅಲ್ಲಿ ನಿಲ್ಲತದ, ಪ್ರತಿ ಗಾಡಿಗೆ ಚೀಟಿ ಆಗತದ. ಖಾಲಿ ಗಾಡಿ ಹೊರಗ ಬಿಡೋವಾಗ ರೇಡಿಯಂ, ಹಿಂದಿನ ಲೈಟು, ಹುಕ್ಕಿನ ಪಿನ್, ಟೈರು ಇಷ್ಟು ನೋಡಿ, ಸರಿ ಇಲ್ಲದಿದ್ರ ಮುಂದಿನ ಪಾಳಿ ಕೊಡಬಾರದು. ಸರ್ಕಾರ ಇದಕ್ಕ ಹೊಸ ಇಲಾಖೆ ತೆರೆಯಬೇಕಾಗಿಲ್ಲ. ರೇಡಿಯಂ ಖರ್ಚು ಒಂದು ಟನ್ ಕಬ್ಬಿನ ರೇಟು ಸುದ್ದಾ ಆಗೂದಿಲ್ಲ. 2025ರ ನವೆಂಬರಿನೊಳಗ ಗುರ್ಲಾಪುರ ಕ್ರಾಸಿನೊಳಗ ರೈತರು ದಿನಗಟ್ಟಲೆ ಕೂತ ಮ್ಯಾಲ ಟನ್ನಿಗೆ 3,300 ಅಂತ ಸರ್ಕಾರ ಹೇಳ್ತು. ರೇಟಿಗೆ ಕೂಡೋ ನಮ್ಮ ಸಂಘಗಳು ಹಂಗಾಮಿನ ಮುಂಚೆ ಕಾರ್ಖಾನಿ ಜೋಡಿ ಮಾತಾಡೋವಾಗ ಈ ಒಂದು ಷರತ್ತು ಯಾಕ ಇಡಬಾರದು? ಡ್ರೈವರಗಳು ಸಿಟ್ಟಾಗ್ತಾರ, ಪಾಳಿ ತಪ್ಪತದ ಅಂತಾರ. ಒಂದು ವಾರ ಸಿಟ್ಟಿರ್ತದ.

ಕಡೀಗೆ ನಮ್ಮವರದೇ ಒಂದು ಕೆಲಸ. ತೊಗರಿ, ಜೋಳ, ಸಜ್ಜಿ ರಸ್ತೆ ಮೇಲೆ ಹಾಸಿ ಗಾಡಿ ಹಾಯಿಸೋದು. ಕಣ ಮಾಡಾಕ ಆಳು ಸಿಗೂದಿಲ್ಲ, ಖರೆ. ಆದ್ರ ಒಣ ಹೊಟ್ಟಿನ ಮ್ಯಾಲ ಬೈಕಿನ ಬ್ರೇಕ್ ಹಿಡಿದ್ರ ಗಾಲಿ ಜಾರತದ, ಕಾರಿನ ಬುಡಕ್ಕ ಕಡ್ಡಿ ಸುತ್ತಿ ಬೆಂಕಿ ಹತ್ತತದ. ಸಂಜಿಗೆ ಕಾಳು ಬಳಕೊಂಡು ಮನಿಗೆ ಹೋಗ್ತಾರ, ಅಡ್ಡ ಇಟ್ಟ ಕಲ್ಲು ರಸ್ತೆ ನಡುವೆ ಹಂಗೇ ಇರ್ತಾವ. ಬಾಗೇವಾಡಿ, ಸಿಂದಗಿ ಕಡೆ ಈಗ ತೊಗರಿ ರಾಶಿ ಸುರು ಆಗ್ಯದ. ಇವತ್ತು ಸಂಜಿ ಹೊಲದಿಂದ ಬರೋವಾಗ ದಾರಿಯೊಳಗ ಅಂಥ ಕಲ್ಲು ಕಂಡ್ರ ಇಳಿದು ಬಾಜು ಸರಿಸಿ ಬರ್ರಿ, ಯಾರ ಹೊಲದ ಮುಂದಿಂದೇ ಇರಲಿ.