ಕುದುರೆ ನೋಡುವವನಿಗೊಂದು ಸೀಸನ್ ಟಿಕೆಟ್

ಕುದುರೆ ಪಂದ್ಯದ ಸೀಸನ್ ಟಿಕೆಟ್ಟಿನ ಪರವಾಗಿ ನಿವೃತ್ತ ಶಿಕ್ಷಕನೊಬ್ಬ ಲೇಖನಿ ಹಿಡಿದರೆ ನಮ್ಮ ಮಮದಾಪುರದಲ್ಲಿ ಹುಬ್ಬೇರಿಸುವವರೇ ಹೆಚ್ಚು. (ಆದಿಲಶಾಹಿ ಕಾಲದ ದೊಡ್ಡ ಕೆರೆಗಳಿರುವ ವಿಜಯಪುರ ಜಿಲ್ಲೆಯ ಮಮದಾಪುರ ಬೇರೆ, ನಾನು ಹೇಳುತ್ತಿರುವುದು ಗೋಕಾಕ ತಾಲೂಕಿನದು.) ಬೆಂಗಳೂರಿನ ಮಗನ ಮನೆಗೆ ಹೋದಾಗ ನಾನು ರೇಸ್ ಕೋರ್ಸಿಗೂ ಒಂದು ಸುತ್ತು ಹೋಗಿಬರುತ್ತೇನೆಂಬುದು ಹೇಗೋ ಊರಿಗೆ ತಿಳಿದು, ಹಳೆಯ ವಿದ್ಯಾರ್ಥಿಯೊಬ್ಬ "ಸರ್ರ, ನೀವೂ ರೇಸಿಗೆ ಹೋಗ್ತೀರೇನ್ರೀ?" ಎಂದು ಕೇಳಿದ. ಅವನ ಧ್ವನಿಯಲ್ಲಿ ಕುತೂಹಲಕ್ಕಿಂತ ಆತಂಕವೇ ಹೆಚ್ಚಾಗಿತ್ತು. ಅದಕ್ಕೆ ಕಾರಣವೂ ಇದೆ. ಓಸಿ, ಮಟಕಾಗಳ ಚೀಟಿಯಲ್ಲಿ ಹೊಲ ಕಳೆದುಕೊಂಡವರನ್ನು ನಮ್ಮ ಭಾಗದ ಜನ ಕಣ್ಣಾರೆ ಕಂಡಿದ್ದಾರೆ. ಅವರ ದೃಷ್ಟಿಯಲ್ಲಿ ಕುದುರೆ ಪಂದ್ಯವೂ ಅದೇ ಜಾತಿಗೆ ಸೇರಿದ್ದು. ಸೀಸನ್ ಟಿಕೆಟ್ಟೆಂದರೆ ಹಾಳಾಗಲು ಮುಂಗಡವಾಗಿ ಹಣ ಕಟ್ಟಿದಂತೆ. ನನ್ನ ಅಭಿಪ್ರಾಯ ಇದಕ್ಕೆ ತದ್ವಿರುದ್ಧ. ದಿನದ ಟಿಕೆಟ್ ಮನುಷ್ಯನನ್ನು ಬಾಜಿಯ ಕಡೆಗೆ ತಳ್ಳುತ್ತದೆ, ಸೀಸನ್ ಟಿಕೆಟ್ ಅವನನ್ನು ಕುದುರೆಯ ಕಡೆಗೆ ತಿರುಗಿಸುತ್ತದೆ.

ನಮ್ಮ ಜಾತ್ರೆಗಳ ಶರ್ಯತ್ತನ್ನೇ ನೋಡಿ. ಜೋಡು ಕುದುರೆಯ ಗಾಡಿ, ಒಂದು ಕುದುರೆ ಒಂದು ಎತ್ತು ಹೂಡಿದ ಗಾಡಿ, ಜೋಡೆತ್ತಿನ ಗಾಡಿ ಇವೆಲ್ಲ ಓಡುವಾಗ ಹೊಲದ ಬದುವಿನ ಮೇಲೆ ನಿಂತ ಜನಕ್ಕೆ ಟಿಕೆಟ್ಟಿಲ್ಲ, ಕುರ್ಚಿಯಿಲ್ಲ. ಆದರೂ ಅಲ್ಲಿ ನಿಂತ ಮುದುಕರ ಮಾತಿಗೆ ಕಿವಿಗೊಟ್ಟರೆ ಆಶ್ಚರ್ಯವಾಗುತ್ತದೆ. ಈ ಕುದುರೆ ಹೋದ ವರ್ಷ ಯಾವ ಊರಿನಲ್ಲಿ ಓಡಿತ್ತು, ತಿರುವಿನಲ್ಲಿ ಯಾಕೆ ಹಿಂದೆ ಬಿತ್ತು, ಯಜಮಾನ ಬದಲಾದ ಮೇಲೆ ಮೈ ಹೇಗೆ ಬಂದಿದೆ ಎಂಬುದೆಲ್ಲ ಅವರಿಗೆ ಕಂಠಪಾಠ. ಊರಿಂದೂರಿಗೆ ಜಾತ್ರೆ ಬೆನ್ನುಹತ್ತಿ ಅದೇ ಪ್ರಾಣಿಗಳನ್ನು ಮತ್ತೆ ಮತ್ತೆ ನೋಡಿದ್ದರಿಂದ ಬಂದ ವಿದ್ಯೆ ಅದು. ಒಂದು ದಿನ ಬಂದು ಹೋಗುವವನಿಗೆ ಅದು ದಕ್ಕುವುದಿಲ್ಲ. ಅವನಿಗೆ ಕಾಣುವುದು ಧೂಳು ಮತ್ತು ಗದ್ದಲ ಮಾತ್ರ.

ಬೆಂಗಳೂರಿನ ಪಂದ್ಯಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಋತುಗಳು, ಬೇಸಿಗೆಯದೊಂದು, ಚಳಿಗಾಲದ್ದೊಂದು. ನಡುವಿನ ಮಳೆಗಾಲದಲ್ಲಿ ಚಾಮುಂಡಿ ಬೆಟ್ಟದ ಬುಡದ ಮೈಸೂರು ಮೈದಾನದಲ್ಲಿ ಪಂದ್ಯಗಳು. ನಮ್ಮ ಬೆಳಗಾವಿಯವರಿಗೆ ಬೆಂಗಳೂರಿಗಿಂತ ಪುಣೆಯೇ ಹತ್ತಿರ. ಅಲ್ಲಿಯೂ ಮಳೆಗಾಲದಲ್ಲೇ ಪಂದ್ಯ, ಚಳಿಗಾಲಕ್ಕೆ ಅವು ಮುಂಬಯಿಯ ಮಹಾಲಕ್ಷ್ಮಿಗೆ ಹೋಗುತ್ತವೆ. ಒಂದು ಋತುವಿನಲ್ಲಿ ಒಂದು ಕುದುರೆ ಓಡುವುದು ಕೆಲವೇ ಸಲ. ಪ್ರತಿ ಸಲವೂ ದೂರ ಬೇರೆ, ನೆಲದ ಹದ ಬೇರೆ, ಹೊರುವ ಭಾರ ಬೇರೆ. ಭಾರದ ಲೆಕ್ಕ ಗಣಿತದ ಮೇಷ್ಟರಾದ ನನಗೆ ಬಲು ಪ್ರಿಯ. ಗೆದ್ದ ಕುದುರೆಯ ಅಂಕ ಏರುತ್ತದೆ, ಅಂಕ ಏರಿದಂತೆ ಮುಂದಿನ ಪಂದ್ಯದಲ್ಲಿ ಅದರ ಬೆನ್ನಿನ ಭಾರವೂ ಏರುತ್ತದೆ. ಸೋತದ್ದಕ್ಕೆ ಭಾರ ಇಳಿಯುತ್ತದೆ. ಜಾಣ ಹುಡುಗನಿಗೆ ಕಠಿಣ ಪ್ರಶ್ನೆಪತ್ರಿಕೆ ಕೊಟ್ಟು, ಹಿಂದುಳಿದವನಿಗೆ ಸುಲಭದ್ದು ಕೊಟ್ಟು, ಇಬ್ಬರನ್ನೂ ಒಂದೇ ಗೆರೆಗೆ ತರಲು ಯತ್ನಿಸಿದಂತೆ. ಈ ಏರಿಳಿತವನ್ನು ವಾರದಿಂದ ವಾರಕ್ಕೆ ಹಿಂಬಾಲಿಸಿದವನಿಗಷ್ಟೇ ಪಂದ್ಯ ಅರ್ಥವಾಗುತ್ತದೆ.

ಸರ್ವೋಚ್ಚ ನ್ಯಾಯಾಲಯವೂ ಈ ಜ್ಞಾನಕ್ಕೆ ಮನ್ನಣೆ ಕೊಟ್ಟಿದೆ. ಮದರಾಸು ರೇಸ್ ಕ್ಲಬ್ಬನ್ನು ವಶಪಡಿಸಿಕೊಳ್ಳಲು ತಮಿಳುನಾಡು ಸರ್ಕಾರ 1986ರಲ್ಲಿ ಮಾಡಿದ್ದ ಕಾನೂನನ್ನು ಪ್ರಶ್ನಿಸಿದ ಡಾ. ಕೆ. ಆರ್. ಲಕ್ಷ್ಮಣನ್ ಪ್ರಕರಣದಲ್ಲಿ, 1996ರಲ್ಲಿ, ಕುದುರೆ ಪಂದ್ಯ ಕೇವಲ ಅದೃಷ್ಟದ ಆಟವಲ್ಲ, ಅದರಲ್ಲಿ ಕೌಶಲವೇ ಪ್ರಧಾನವೆಂದು ತೀರ್ಪಾಯಿತು. ತೀರ್ಪನ್ನು ಬಾಜಿದಾರರು ತಮಗೆ ದೊರೆತ ಪ್ರಮಾಣಪತ್ರವೆಂಬಂತೆ ಉಲ್ಲೇಖಿಸುವುದುಂಟು. ಆದರೆ ಕೌಶಲ ಗಳಿಸಲು ಮೊದಲು ನೋಡಬೇಕು, ಬಹಳ ದಿನ ನೋಡಬೇಕು ಎಂಬ ಮಾತು ಅವರ ಬಾಯಲ್ಲಿ ಬರುವುದಿಲ್ಲ.

ಈಗ ಟಿಕೆಟ್ಟಿನ ವಿಷಯ. ಸೇವೆಯ ಆರಂಭದ ವರ್ಷಗಳಲ್ಲಿ ನಾನು ಘಟಪ್ರಭಾದಿಂದ ರಾಯಬಾಗಕ್ಕೆ ಆಗಿನ ಮೀಟರ್‌ಗೇಜ್ ರೈಲಿನಲ್ಲಿ ತಿಂಗಳ ಪಾಸ್ ಹಿಡಿದು ಓಡಾಡಿದವನು. ಎರಡನೇ ದರ್ಜೆಯ ಮಾಸಿಕ ಪಾಸಿನ ಬೆಲೆ ಸುಮಾರು 15 ಸಲದ ಪ್ರಯಾಣದರಕ್ಕೆ ಸಮ. ತಿಂಗಳಲ್ಲಿ 25 ದಿನ ಹೋಗಿಬರುವವನಿಗೆ 50 ಪ್ರಯಾಣ. ಅಂದರೆ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಖರ್ಚು. ಉಳಿತಾಯ ದೊಡ್ಡದೇ. ಆದರೆ ಪಾಸು ಕೊಟ್ಟ ನಿಜವಾದ ಲಾಭ ಹಣದ್ದಲ್ಲ. ಟಿಕೆಟ್ ಕಿಟಕಿಯ ಮುಂದೆ ನಿಲ್ಲುವ ಧಾವಂತ ತಪ್ಪಿತು, ಡಬ್ಬಿಯಲ್ಲಿ ದಿನವೂ ಅದೇ ಮುಖಗಳು ಸಿಕ್ಕವು, ಪ್ರಯಾಣವೆಂಬುದು ಪ್ರತಿದಿನ ತೀರ್ಮಾನಿಸಬೇಕಾದ ಖರ್ಚಾಗಿ ಉಳಿಯಲಿಲ್ಲ.

ಪಂದ್ಯದ ಬಾಗಿಲಲ್ಲಿಯೂ ಅದೇ ಆಗುತ್ತದೆ. ದಿನದ ಟಿಕೆಟ್ ಕೊಂಡು ಒಳಗೆ ಬಂದವನ ಮನಸ್ಸಿನಲ್ಲಿ ಮೊದಲು ಹುಟ್ಟುವ ಯೋಚನೆ, ಬಾಗಿಲಲ್ಲಿ ಕೊಟ್ಟದ್ದನ್ನಾದರೂ ಹಿಂದಕ್ಕೆ ಪಡೆಯಬೇಕೆಂಬುದು. ಮೊದಲ ಪಂದ್ಯದಲ್ಲಿ ಸೋತರೆ ಎರಡನೆಯದರಲ್ಲಿ ಇಮ್ಮಡಿ. ಸಂಜೆಯ ಕೊನೆಯ ಪಂದ್ಯದ ಹೊತ್ತಿಗೆ ಅವನು ಕುದುರೆಯ ಬಣ್ಣವನ್ನೂ ನೋಡಿರುವುದಿಲ್ಲ. ಇಡೀ ಋತುವಿಗೆ ಹಣ ಕಟ್ಟಿದವನಿಗೆ ಈ ಅವಸರವಿಲ್ಲ. ಇಂದು ಎರಡೇ ಪಂದ್ಯ ನೋಡಿ ಮನೆಗೆ ಹೋಗಬಹುದು, ಮಳೆ ಬಂದರೆ ಬಾರದಿರಬಹುದು, ಬಾಜಿ ಕಟ್ಟದೆ ಪ್ಯಾಡಕ್ಕಿನ ಕಟಕಟೆ ಹಿಡಿದು ನಿಲ್ಲಬಹುದು. ಬೆಂಗಳೂರಿನಲ್ಲಿ ನಾನು ಕಂಡ ಹಿರಿಯರೊಬ್ಬರು ಬ್ಯಾಂಕಿನಿಂದ ನಿವೃತ್ತರಾದವರು. ಹಾಳೆ ಸವೆದ ನೋಟುಬುಕ್ಕೊಂದು ಅವರ ಕೈಯಲ್ಲಿ. ಪಂದ್ಯಕ್ಕೆ ಮುನ್ನ ಕುದುರೆಗಳು ಸುತ್ತುವಾಗ ಯಾವುದು ಬೆವರಿದೆ, ಯಾವುದು ಕಿವಿ ಹಿಂದಕ್ಕೆ ಮಾಡಿದೆ ಎಂದು ಬರೆದುಕೊಳ್ಳುತ್ತಿದ್ದರು. ಬಾಜಿಯ ಬಗ್ಗೆ ಕೇಳಿದೆ. "ಅದಕ್ಕೆ ಪುರುಸೊತ್ತೆಲ್ಲಿದೆ ಸಾರ್?" ಎಂದರು. ಸೀಸನ್ ಟಿಕೆಟ್ ಇಂಥವರಿಗಾಗಿ ಇರಬೇಕು. ಇಂಥವರನ್ನು ಹೆಚ್ಚಿಸಲೂ ಇರಬೇಕು.

ಬಾಜಿಯ ಗಣಿತವನ್ನೂ ಒಮ್ಮೆ ಹೇಳಿಬಿಡುತ್ತೇನೆ. ಟೋಟ್ ಎಂಬ ಏರ್ಪಾಡಿನಲ್ಲಿ ಎಲ್ಲರ ಹಣವೂ ಒಂದೇ ಗಂಟಿಗೆ ಸೇರಿ, ಅದರಿಂದ ಕ್ಲಬ್ಬಿನ ಪಾಲೂ ತೆರಿಗೆಯೂ ಕಳೆದು, ಉಳಿದದ್ದು ಗೆದ್ದವರಿಗೆ ಹಂಚಿಕೆಯಾಗುತ್ತದೆ. ಹಾಗಾಗಿ ಬಾಜಿದಾರರನ್ನೆಲ್ಲ ಒಟ್ಟಾಗಿ ತೆಗೆದುಕೊಂಡರೆ ಅವರಿಗೆ ನಷ್ಟ ಖಚಿತ. ಒಬ್ಬ ಗೆಲ್ಲಬಹುದು, ಗುಂಪು ಗೆಲ್ಲಲಾರದು. 2023ರ ಅಕ್ಟೋಬರ್‌ನಿಂದ ಬಾಜಿಯ ಪೂರ್ಣ ಮೊತ್ತದ ಮೇಲೆ ಶೇಕಡಾ 28 ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಿಂದ ಅದು ಶೇಕಡಾ 40 ಆಯಿತು. ಬಾಜಿಗೆ ಭಾರೀ ತೆರಿಗೆ ಹಾಕುವುದಕ್ಕೆ ನನ್ನ ತಕರಾರಿಲ್ಲ. ಆದರೆ ರೇಸ್ ಕ್ಲಬ್ಬಿನ ಪ್ರವೇಶಕ್ಕೂ ಅದೇ ಶೇಕಡಾ 40! ನೂರು ರೂಪಾಯಿಯ ಪ್ರವೇಶಕ್ಕೆ ನಲವತ್ತು ರೂಪಾಯಿ ತೆರಿಗೆ. ಒಂದು ಕಾಸೂ ಬಾಜಿ ಕಟ್ಟದೆ ಕುದುರೆ ನೋಡಲು ಬಂದವನನ್ನೂ ಸರ್ಕಾರ ಜೂಜುಕೋರನ ಸಾಲಿನಲ್ಲೇ ನಿಲ್ಲಿಸಿತು. ಇದು ಅನ್ಯಾಯ, ಅವಿವೇಕವೂ ಹೌದು. ನೋಡುಗನ ಬಾಗಿಲು ದುಬಾರಿಯಾದರೆ ಒಳಗೆ ಉಳಿಯುವವರು ಬಾಜಿದಾರರೇ. ಬಾಜಿಯೂ ದುಬಾರಿಯಾದಾಗ ಅವರಲ್ಲಿ ಹಲವರು ಮೈದಾನ ಬಿಟ್ಟು, ಲೆಕ್ಕಕ್ಕೇ ಸಿಗದ ಕಳ್ಳ ಬುಕ್ಕಿಯ ಫೋನಿಗೆ ಅಂಟಿಕೊಳ್ಳುತ್ತಾರೆ. ಅಲ್ಲಿ ಕುದುರೆಯೂ ಇಲ್ಲ, ಲಗಾಮೂ ಇಲ್ಲ.

ನನ್ನ ಮಿತ್ರರೊಬ್ಬರು, ಅವರೂ ನಿವೃತ್ತ ಶಿಕ್ಷಕರು, ಈ ವಾದವನ್ನು ಒಪ್ಪುವುದಿಲ್ಲ. "ಹಣ ಕಟ್ಟೀನಿ, ಹೋಗದಿದ್ರ ಹಾಳಾಗ್ತೈತಿ ಅಂತ ಪ್ರತಿ ವಾರ ಹೋಗ್ತಾನಲ್ರೀ, ಹೋದಾಂವ ಸುಮ್ನ ಕೂಡ್ತಾನೇನ್ರೀ?" ಎಂಬುದು ಅವರ ಪ್ರಶ್ನೆ. ಮಾತಿನಲ್ಲಿ ಹುರುಳಿದೆ. ಬಾಜಿಯ ಚಟ ಅಂಟಿದವನಿಗೆ ಯಾವ ಟಿಕೆಟ್ಟೂ ಔಷಧವಲ್ಲ. ಅವನು ಮೈದಾನದ ಹತ್ತಿರ ಸುಳಿಯದಿರುವುದೇ ಲೇಸು. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಮನುಷ್ಯ ತಾನೇ ಅರ್ಜಿ ಕೊಟ್ಟು ತನ್ನನ್ನು ಬಾಜಿಯಿಂದ ಹೊರಗಿಡಿಸಿಕೊಳ್ಳುವ ಏರ್ಪಾಡಿದೆ. ನಮ್ಮಲ್ಲಿಯೂ ಸೀಸನ್ ಟಿಕೆಟ್ಟನ್ನು ಹೆಸರು, ಭಾವಚಿತ್ರಗಳೊಂದಿಗೆ ಕೊಟ್ಟು, ಕೇಳಿದವರಿಗೆ "ನೋಡಲು ಮಾತ್ರ" ಎಂಬ ಮುದ್ರೆ ಒತ್ತಿ, ಆ ಚೀಟಿಯವನಿಗೆ ಟೋಟ್ ಕಿಟಕಿಯಲ್ಲಿ ವ್ಯವಹಾರವಿಲ್ಲವೆಂದರೆ ಮಿತ್ರರ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕೀತು. ಟಿಕೆಟ್ಟಿನ ಜೊತೆಗೆ ಬಾಜಿಯ ಕೂಪನ್ ಉಚಿತ ಎಂಬ ಆಮಿಷವನ್ನಂತೂ ಯಾವ ಕ್ಲಬ್ಬೂ ಒಡ್ಡಕೂಡದು.

ಕೊಳ್ಳುವವನು ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ: ಋತುವಿನ ನಡುವೆ ಪಂದ್ಯ ನಿಂತುಹೋದರೆ? 2020ರ ಕೊರೋನಾ ಕಾಲದ ಮಾತು ಬಿಡಿ. 2024ರ ಜೂನ್‌ನಲ್ಲಿ ಸರ್ಕಾರ ಬೆಂಗಳೂರಿನ ಪಂದ್ಯಗಳಿಗೆ ಅನುಮತಿ ನಿರಾಕರಿಸಿ, ಹೈಕೋರ್ಟಿನ ಏಕಸದಸ್ಯ ಪೀಠ ನಡೆಸಬಹುದೆಂದು ಹೇಳಿ, ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠ ಅದಕ್ಕೆ ತಡೆ ಕೊಟ್ಟಿತು. ಇಂಥ ಸಂದರ್ಭದಲ್ಲಿ ನಡೆಯದ ದಿನಗಳ ಹಣ ಮರಳುವುದೋ, ಮುಂದಿನ ಋತುವಿಗೆ ಸೇರುವುದೋ ಎಂಬುದು ಟಿಕೆಟ್ಟಿನ ಹಿಂಬದಿಯಲ್ಲಿ ಕನ್ನಡದಲ್ಲಿ ಅಚ್ಚಾಗಿರಬೇಕು.

ಬೆಂಗಳೂರಿನ ನಡುಮಧ್ಯೆ ಸುಮಾರು 85 ಎಕರೆಯಲ್ಲಿರುವ ಮೈದಾನವನ್ನು ಕುಣಿಗಲ್ಲಿಗೆ ಸ್ಥಳಾಂತರಿಸುವ ಮಾತು ಸರ್ಕಾರದ ಮಟ್ಟದಲ್ಲಿ ಬಂದಿದೆ. ಟಿಪ್ಪುವಿನ ಕಾಲದಿಂದಲೂ ಕುದುರೆ ಸಾಕಣೆಗೆ ಹೆಸರಾದ ಊರು ಅದು, ಕುದುರೆಗಳಿಗೆ ಒಗ್ಗೀತು. ನಗರದಿಂದ ಸುಮಾರು 70 ಕಿಲೋಮೀಟರ್ ದೂರಕ್ಕೆ, ದಾರಿಯಲ್ಲಿ ಹೋಗುತ್ತ ಒಮ್ಮೆ ಇಣುಕಿ ನೋಡುವ ಗಿರಾಕಿ ಬರಲಾರ. ಬರುವವನು ನಿಷ್ಠಾವಂತನೊಬ್ಬನೇ, ಅವನನ್ನು ಉಳಿಸಿಕೊಳ್ಳಲು ಕ್ಲಬ್ಬಿಗೆ ಸೀಸನ್ ಟಿಕೆಟ್ಟಲ್ಲದೆ ಬೇರೆ ದಾರಿ ಕಾಣದು. 2017ರಿಂದ ಬೆಂಗಳೂರು–ಹಾಸನ ರೈಲು ಕುಣಿಗಲ್ ಮೂಲಕವೇ ಓಡುತ್ತಿದೆ. ರೈಲ್ವೆಯ ಮಾಸಿಕ ಪಾಸು 150 ಕಿಲೋಮೀಟರಿನವರೆಗೆ ಸಿಗುತ್ತದೆ. ಪಂದ್ಯದ ದಿನ ಮಧ್ಯಾಹ್ನ ಹೋಗಿ ಸಂಜೆ ತಿರುಗಿ ಬರಲು ಅನುಕೂಲವಾದ ಒಂದು ಗಾಡಿ, ರೈಲಿಗೂ ಮೈದಾನಕ್ಕೂ ಸೇರಿ ಒಂದೇ ಚೀಟಿ, ಅರವತ್ತು ದಾಟಿದವರಿಗೆ ಸ್ವಲ್ಪ ರಿಯಾಯಿತಿ ಇಷ್ಟನ್ನು ಕ್ಲಬ್ಬಿನವರೂ ರೈಲ್ವೆಯವರೂ ಕೂತು ಮಾತಾಡಿ ಮಾಡಿದರೆ, ಮಗನ ಮನೆಯಲ್ಲಿ ನನ್ನ ವಾಸ್ತವ್ಯ ಇನ್ನೊಂದು ತಿಂಗಳು ಮುಂದುವರಿಯಬಹುದು. ಸೊಸೆಯನ್ನು ಇನ್ನೂ ಕೇಳಿಲ್ಲ.