ನೀರಿನ ಮೇಲೆ ಹಾರ್ನ್ ಹೊಡೆಯದಿರುವುದೇ ತಪ್ಪು

2019ರ ಮೇ 29ರ ರಾತ್ರಿ ಬುಡಾಪೆಸ್ಟ್‌ನಲ್ಲಿ ಜೋರು ಮಳೆ. ಡ್ಯಾನ್ಯೂಬ್ ನದಿಯ ಮಾರ್ಗರೆಟ್ ಸೇತುವೆಯ ಬಳಿ 135 ಮೀಟರ್ ಉದ್ದದ ‘ವೈಕಿಂಗ್ ಸಿಗಿನ್’ ಹಡಗು, 27 ಮೀಟರ್ ಉದ್ದದ ‘ಹಬ್ಲೆಯಾನಿ’ ಎಂಬ ಪ್ರವಾಸಿ ದೋಣಿಗೆ ಹಿಂದಿನಿಂದ ಬಂದು ಬಡಿಯಿತು. ದೋಣಿ ಕೆಲವೇ ಸೆಕೆಂಡುಗಳಲ್ಲಿ ಮುಳುಗಿತು. ಅದರಲ್ಲಿದ್ದ 35 ಜನರಲ್ಲಿ ಬದುಕಿ ಬಂದವರು ಏಳು ಮಂದಿ. 2023ರಲ್ಲಿ ಅಲ್ಲಿನ ನ್ಯಾಯಾಲಯ ದೊಡ್ಡ ಹಡಗಿನ ಕ್ಯಾಪ್ಟನ್‌ಗೆ ಐದೂವರೆ ವರ್ಷ ಜೈಲು ವಿಧಿಸಿತು.

ಹಿಂದಿನಿಂದ ಬಂದು ದಾಟುವವರು ಮುಂದಿನವರಿಗೆ ಮೊದಲೇ ಸುಳಿವು ಕೊಡಬೇಕೆಂಬ ನಿಯಮ ಇರುವುದೇ ಇಂಥ ಗಳಿಗೆಗಾಗಿ.

ನಮ್ಮ ರಸ್ತೆಗಳಲ್ಲಿ ಹಾರ್ನ್ ಎಂದರೆ ಬೈಗುಳ; ನೀರಿನ ಮೇಲೆ ಅದಕ್ಕೆ ವ್ಯಾಕರಣವಿದೆ. 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳ ಪ್ರಕಾರ ಸುಮಾರು ಒಂದು ಸೆಕೆಂಡಿನ ಕೂಗು ಗಿಡ್ಡದ್ದು, ನಾಲ್ಕರಿಂದ ಆರು ಸೆಕೆಂಡಿನದು ಉದ್ದದ್ದು. ಎದುರಿನ ಹಡಗು ಕಣ್ಣಿಗೆ ಬಿದ್ದಿರುವಾಗ ಒಂದು ಗಿಡ್ಡ ಕೂಗು ಹಾಕಿದರೆ ‘ಬಲಕ್ಕೆ ತಿರುಗುತ್ತಿದ್ದೇನೆ’, ಎರಡಕ್ಕೆ ‘ಎಡಕ್ಕೆ’, ಮೂರಕ್ಕೆ ‘ಎಂಜಿನ್ ಹಿಮ್ಮುಖ ಓಡುತ್ತಿದೆ’ ಎಂದರ್ಥ. ಎದುರಿನವರ ಇರಾದೆ ತಿಳಿಯದಿದ್ದರೆ ಬೇಗ ಬೇಗ ಕನಿಷ್ಠ ಐದು. ತಿರುವಿನಾಚೆ ಏನಿದೆ ಎಂದು ಕಾಣದಿದ್ದರೆ ಒಂದು ಉದ್ದ ಕೂಗು; ಆ ಕಡೆಯಿಂದ ಬರುತ್ತಿರುವವರೂ ಹಾಗೆಯೇ ಉತ್ತರಿಸಬೇಕು. ಮಂಜು ಮುಸುಕಿದಾಗ, ಚಲಿಸುತ್ತಿರುವ ಯಂತ್ರದ ಹಡಗು ಎರಡು ನಿಮಿಷಕ್ಕೊಮ್ಮೆಯಾದರೂ ಉದ್ದಕ್ಕೆ ಕೂಗಲೇಬೇಕು.

ಅಮೆರಿಕದ ಒಳನಾಡು ಜಲಮಾರ್ಗಗಳ ನಿಯಮ ಇನ್ನೂ ಒಂದು ಹೆಜ್ಜೆ ಮುಂದಿದೆ. ಅರ್ಧ ಮೈಲಿಯೊಳಗೆ ಎದುರಾಗುವ ಹಡಗುಗಳಲ್ಲಿ ಒಂದು ತನ್ನ ಇರಾದೆ ತಿಳಿಸುತ್ತದೆ, ಇನ್ನೊಂದು ಒಪ್ಪಿದರೆ ಅದೇ ಕೂಗನ್ನು ಮರಳಿಸುತ್ತದೆ, ಅನುಮಾನವಿದ್ದರೆ ಐದು ಸಲ ಕೂಗುತ್ತದೆ. ರೇಡಿಯೊದಲ್ಲಿ ಮಾತಾಡಿ ಒಪ್ಪಂದವಾಗಿದ್ದರೆ ಕೂಗು ಕಡ್ಡಾಯವಲ್ಲ. ಧಕ್ಕೆ ಬಿಟ್ಟು ಹೊರಡುವಾಗಲೂ ಒಂದು ಉದ್ದ ಕೂಗು ಹಾಕಬೇಕು. ಉತ್ತರ ಬರುವವರೆಗೆ ಮಾತು ಮುಗಿದಿಲ್ಲ ಎಂಬ ಈ ಶಿಸ್ತು ನಮಗೂ ಬೇಕು.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. 1917ರ ಹಳೆಯ ಕಾಯ್ದೆಯ ಜಾಗಕ್ಕೆ 2021ರ ಒಳನಾಡು ಹಡಗುಗಳ ಕಾಯ್ದೆ ಬಂತು. ಸಂಸತ್ತು ಅದನ್ನು ಒಪ್ಪಿದ ಮರುತಿಂಗಳೇ, ಸೆಪ್ಟೆಂಬರ್ 8ರಂದು, ಅಸ್ಸಾಂನ ನಿಮಾತಿ ಘಾಟ್ ಬಳಿ ಬ್ರಹ್ಮಪುತ್ರದಲ್ಲಿ ಹಾಡಹಗಲೇ ಎರಡು ಫೆರಿಗಳು ಡಿಕ್ಕಿಯಾದವು. ‘ಮಾ ಕಮಲಾ’ ಎಂಬ ಖಾಸಗಿ ದೋಣಿ ಮಗುಚಿತು, ಜೀವಹಾನಿಯೂ ಆಯಿತು. ಒಂಟಿ ಎಂಜಿನ್ನಿನ ಖಾಸಗಿ ದೋಣಿಗಳನ್ನು ಸರ್ಕಾರ ನಿಷೇಧಿಸಿತು. ಎಂಜಿನ್ ಬದಲಿಸುವುದು ಸರಿಯೇ. ಆದರೆ ಎದುರಾಬದುರಾದ ಇಬ್ಬರು ಚಾಲಕರು ಪರಸ್ಪರ ಏನು ಹೇಳಿಕೊಳ್ಳಬೇಕು ಎಂಬ ತರಬೇತಿಗೂ ಅಷ್ಟೇ ತೂಕ ಬೇಕು.

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. 2016ರ ಕಾಯ್ದೆ ಪಟ್ಟಿ ಮಾಡಿದ 111 ರಾಷ್ಟ್ರೀಯ ಜಲಮಾರ್ಗಗಳಲ್ಲಿ ಕಾಳಿ, ಶರಾವತಿ, ನೇತ್ರಾವತಿ, ಗುರುಪುರ ನದಿಗಳೂ ಇವೆ. ತದಡಿ–ಅಘನಾಶಿನಿ ನಡುವೆ, ಮಂಗಳೂರಿನ ಸುಲ್ತಾನ್ ಬತೇರಿ–ತಣ್ಣೀರುಬಾವಿ ನಡುವೆ ಜನ ದೋಣಿಯಲ್ಲೇ ಹೊಳೆ ದಾಟುತ್ತಾರೆ. ಅಳಿವೆಯಲ್ಲಿ ಮೀನುಗಾರಿಕೆ ಬೋಟುಗಳೂ ಪ್ರವಾಸಿಗರ ಸ್ಪೀಡ್‌ಬೋಟುಗಳೂ ಓಡುತ್ತವೆ.

‘ಹುಟ್ಟಿದಾಗಿನಿಂದ ಈ ಹೊಳೆ ಗೊತ್ತು, ಕೈಸನ್ನೆ ಸಾಕು’ ಎನ್ನುವ ಅಂಬಿಗರ ಮಾತಿನಲ್ಲಿ ಸತ್ಯವಿದೆ. ಆದರೆ ಕತ್ತಲಲ್ಲಿ ಕೈಸನ್ನೆ ಕಾಣದು, ಡೀಸೆಲ್ ಎಂಜಿನ್ನಿನ ಸದ್ದಿನಲ್ಲಿ ಬಾಯಿಮಾತು ಕೇಳದು. ನಿನ್ನೆ ಮೊನ್ನೆ ಸ್ಪೀಡ್‌ಬೋಟ್ ಹಿಡಿದ ಹುಡುಗನಿಗೆ ಊರಿನ ಸನ್ನೆಗಳೂ ಗೊತ್ತಿರುವುದಿಲ್ಲ. ಖರ್ಚಿನ ನೆಪವೂ ನಿಲ್ಲದು: 12 ಮೀಟರ್‌ಗಿಂತ ಚಿಕ್ಕ ದೋಣಿಗೆ ದೊಡ್ಡ ಸೀಟಿ ಬೇಕಿಲ್ಲ, ಚೆನ್ನಾಗಿ ಕೇಳಿಸುವ ಯಾವುದೇ ಸಾಧನ ಸಾಕು ಎನ್ನುತ್ತದೆ ಅಂತರರಾಷ್ಟ್ರೀಯ ನಿಯಮ.

ಹಾಗಾಗಿ ದೋಣಿಗಳ ವಾರ್ಷಿಕ ತಪಾಸಣೆಗೆ ಬರುವ ಅಧಿಕಾರಿಗಳು ಲೈಫ್ ಜಾಕೆಟ್ ಎಣಿಸಿ ಸಹಿ ಹಾಕಿದರೆ ಸಾಲದು. ಹಾರ್ನ್ ಒತ್ತಿಸಿ ಕೇಳಬೇಕು, ಐದು ಗಿಡ್ಡ ಕೂಗಿಗೆ ಅರ್ಥವೇನೆಂದು ಚಾಲಕನನ್ನು ಕೇಳಬೇಕು. ಉತ್ತರ ಬಾರದಿದ್ದರೆ ಪರವಾನಗಿ ಕೊಡಬಾರದು.