ಲಕ್ವಾ ಹೊಡೆದ ಕೈಗೆ ‘ಕೆಲಸ’ವೇ ಔಷಧವೇ? ಆಕ್ಯುಪೇಷನಲ್ ಥೆರಪಿ ಮತ್ತು ಅದರ ಸಂಶೋಧನೆಗೆ ಬರದ ದುಡ್ಡು

‘ಲಕ್ವಾ ಹೊಡೆದ ಕೂಡಲೇ ಹತ್ತೂ ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯಿರಿ’ ಎಂಬ ಫಾರ್ವರ್ಡ್ ನಿಮ್ಮ ಮೊಬೈಲಿಗೂ ಬಂದಿರಬಹುದು. ಅದು ಸುಳ್ಳು. ಆ ಹೊತ್ತಿನಲ್ಲಿ ಮಾಡಬೇಕಾದದ್ದು ಒಂದೇ: ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಹೋಗುವುದು. ಇದನ್ನು ವೈದ್ಯರು ಎಷ್ಟೋ ಸಲ ಹೇಳಿದ್ದಾರೆ.

ಆದರೆ ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆ ಏನು? ಪ್ರಾಣ ಉಳಿದಿದೆ, ಬಲಗೈ ಮಾತ್ರ ಏಳುತ್ತಿಲ್ಲ. ಪಾರಿವಾಳದ ರಕ್ತ ಹಚ್ಚಿ, ಈ ಎಣ್ಣೆಯಿಂದ ಏಳೇ ದಿನದಲ್ಲಿ ಗುಣ ಎನ್ನುವ ಸಂದೇಶಗಳು ಬಂದು ಕೂರುವುದು ಇದೇ ಖಾಲಿ ಜಾಗದಲ್ಲಿ. ಈ ಜಾಗದಲ್ಲಿ ಇರಬೇಕಾದದ್ದು ಆಕ್ಯುಪೇಷನಲ್ ಥೆರಪಿ. ಹೆಸರು ಕೇಳಿದವರೇ ಕಡಿಮೆ. ಕೇಳಿದವರಲ್ಲೂ ಕೆಲವರು ಇದನ್ನು ಮಸಾಜ್ ಅಂದುಕೊಂಡಿದ್ದಾರೆ, ಕೆಲವರು ಉದ್ಯೋಗ ತರಬೇತಿ ಅಂದುಕೊಂಡಿದ್ದಾರೆ. ‘ಔದ್ಯೋಗಿಕ ಚಿಕಿತ್ಸೆ’ ಎಂಬ ಅನುವಾದವೂ ಈ ಗೊಂದಲಕ್ಕೆ ತುಪ್ಪ ಸುರಿದಿದೆ.

ಇಲ್ಲಿ ‘ಆಕ್ಯುಪೇಷನ್’ ಎಂದರೆ ನೌಕರಿಯಲ್ಲ. ಬೆಳಿಗ್ಗೆಯಿಂದ ರಾತ್ರಿವರೆಗೆ ನಾವು ಮಾಡುವ ಕೆಲಸಗಳೆಲ್ಲ ಅದರಲ್ಲಿ ಬರುತ್ತವೆ: ಹಲ್ಲುಜ್ಜುವುದು, ಸ್ನಾನ, ಸೀರೆ ಉಡುವುದು, ಊಟ, ಮಗುವಿನ ಆಟ. ಸವದತ್ತಿಯ ಹಳ್ಳಿಯೊಂದರ ಮಹಿಳೆಗೆ ಲಕ್ವಾ ಆಗಿದೆ ಎಂದುಕೊಳ್ಳಿ. ಫಿಸಿಯೋಥೆರಪಿಸ್ಟ್ ಮುಖ್ಯವಾಗಿ ಸ್ನಾಯುವಿನ ಬಲ, ನಡಿಗೆ, ನೋವು ನೋಡುತ್ತಾರೆ. ಆಕ್ಯುಪೇಷನಲ್ ಥೆರಪಿಸ್ಟ್ ಕೇಳುವ ಪ್ರಶ್ನೆ ಬೇರೆ: ‘ಮತ್ತೆ ರೊಟ್ಟಿ ಬಡಿಯಬೇಕಾ?’ ಹೌದೆಂದರೆ ಆ ಕೆಲಸವನ್ನೇ ತುಂಡು ಮಾಡುತ್ತಾರೆ. ಹಿಟ್ಟು ನಾದಲು ಎಷ್ಟು ಬಲ ಬೇಕು, ನೆಲದ ಮೇಲೆ ಕೂತು ಆಗದಿದ್ದರೆ ಕಟ್ಟೆಯ ಮೇಲೆ ಆಗುತ್ತದೆಯೇ, ಸ್ಪರ್ಶ ತಿಳಿಯದ ಕೈ ಬಿಸಿ ಹಂಚಿಗೆ ತಾಗದಂತೆ ಏನು ಮಾಡಬೇಕು ಎಂದು ನೋಡುತ್ತಾರೆ. ರಾಮದುರ್ಗದ ನೇಕಾರನಿಗಾದರೆ ಇದೇ ಲೆಕ್ಕ ಮಗ್ಗದ ಮುಂದೆ ನಡೆಯುತ್ತದೆ. (ಈ ವೃತ್ತಿಯ ಆರಂಭದ ದಿನಗಳಲ್ಲಿ ಅಮೆರಿಕ, ಯುರೋಪಿನ ಆಸ್ಪತ್ರೆಗಳು ಮಗ್ಗವನ್ನೇ ಚಿಕಿತ್ಸೆಯ ಸಾಧನವಾಗಿ ಬಳಸುತ್ತಿದ್ದವು.)

ಭಾರತಕ್ಕೆ ಇದು ಹೊಸದೂ ಅಲ್ಲ. ಕಮಲಾ ನಿಂಬಕರ್ 1950ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಇದರ ಶಾಲೆ ತೆರೆದರು. ಕರ್ನಾಟಕದಲ್ಲಿ ಮಣಿಪಾಲದಲ್ಲಿ ಪದವಿ ಮತ್ತು ಸ್ನಾತಕೋತ್ತರ ಕೋರ್ಸ್‌ಗಳಿವೆ.

ಪುರಾವೆ ಇದೆಯೇ?

‘ಸುಮ್ಮನೆ ಏನಾದರೂ ಕೆಲಸ ಮಾಡುತ್ತಿದ್ದರೆ ಸಾಕು, ಅದಕ್ಕೆ ಥೆರಪಿ ಯಾಕೆ’ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನೇ ಲಾಸ್ ಏಂಜಲೀಸ್‌ನಲ್ಲಿ 361 ಹಿರಿಯರ ಮೇಲೆ ಪರೀಕ್ಷಿಸಿ 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ಒಂಬತ್ತು ತಿಂಗಳು ಆಕ್ಯುಪೇಷನಲ್ ಥೆರಪಿ, ಇನ್ನೊಂದಕ್ಕೆ ಬರೀ ಸಾಮಾಜಿಕ ಚಟುವಟಿಕೆ, ಮೂರನೆಯದಕ್ಕೆ ಏನೂ ಇಲ್ಲ. ಥೆರಪಿ ಪಡೆದವರ ಆರೋಗ್ಯ, ಬದುಕಿನ ಗುಣಮಟ್ಟ ಹಲವು ಅಳತೆಗಳಲ್ಲಿ ಮೇಲಿತ್ತು. ಬರೀ ಚಟುವಟಿಕೆಯಲ್ಲಿ ತೊಡಗಿದ್ದವರಿಗೂ ಏನೂ ಮಾಡದವರಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ನಮ್ಮ ಜಿಲ್ಲೆಯಲ್ಲೇ ನಡೆದ ಅಧ್ಯಯನವೊಂದು ಇದಕ್ಕಿಂತ ಕುತೂಹಲದ್ದು. ಹುಟ್ಟಿದಾಗ ಅಳದೆ, ಮಾಸ್ಕ್ ಮೂಲಕ ಉಸಿರು ಕೊಟ್ಟು ಬದುಕಿಸಿದ ಮಕ್ಕಳ ಬೆಳವಣಿಗೆ ಹಿಂದೆ ಬೀಳುವ ಅಪಾಯವಿರುತ್ತದೆ. ಬೆಳಗಾವಿ ಸೀಮೆಯ ಹಳ್ಳಿಗಳು, ಪಾಕಿಸ್ತಾನ ಮತ್ತು ಜಾಂಬಿಯಾದಲ್ಲಿ ಇಂಥ ಮಕ್ಕಳ ಮನೆಗೆ ತರಬೇತಿ ಪಡೆದವರು ಎರಡು ವಾರಕ್ಕೊಮ್ಮೆ, ಮೂರು ವರ್ಷ ಹೋದರು. ಮಗುವಿನ ಜೊತೆ ಹೇಗೆ ಆಡಬೇಕು, ಏನನ್ನು ಹಿಡಿಯಲು, ಹುಡುಕಲು, ಗುರುತಿಸಲು ಬಿಡಬೇಕು ಎಂದು ತಂದೆತಾಯಿಗೆ ಕಲಿಸಿದರು. ಹೋಲಿಕೆಯ ಗುಂಪಿಗೂ ಅಷ್ಟೇ ಭೇಟಿ, ಆದರೆ ಆರೋಗ್ಯದ ಸಲಹೆ ಮಾತ್ರ. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೂರು ವರ್ಷದ ಹೊತ್ತಿಗೆ ಆಟ ಕಲಿಸಿದ ಗುಂಪಿನ ಮಕ್ಕಳ ಮಾನಸಿಕ ಬೆಳವಣಿಗೆಯ ಸರಾಸರಿ ಅಂಕ 102.6, ಇನ್ನೊಂದು ಗುಂಪಿನದು 98. ಇದಕ್ಕೆ ಯಾರೂ ಆಕ್ಯುಪೇಷನಲ್ ಥೆರಪಿ ಎಂದು ಹೆಸರಿಡಲಿಲ್ಲ, ಆದರೆ ಮಕ್ಕಳ ಥೆರಪಿಸ್ಟ್‌ಗಳು ದಿನವೂ ಮಾಡುವ ಕೆಲಸಕ್ಕೆ ಇದು ತೀರಾ ಹತ್ತಿರ.

ದುಡ್ಡು ಎಲ್ಲಿಂದ ಬಂತು? ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಿಂದ. ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜು ಅದರ ಜೊತೆ ಎರಡು ದಶಕಕ್ಕೂ ಹೆಚ್ಚು ಕಾಲ ತಾಯಿ-ಮಗುವಿನ ಸಂಶೋಧನೆ ನಡೆಸಿದೆ. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆ ಕೊಡುವ ಪ್ರಯೋಗ ಇದೇ ಜಿಲ್ಲೆಯ ಹಳ್ಳಿಗಳಲ್ಲಿ 1620 ಮಹಿಳೆಯರ ಮೇಲೆ ನಡೆದು, ರಕ್ತಸ್ರಾವ ಶೇ 12ರಿಂದ 6.4ಕ್ಕೆ ಇಳಿಯಿತು. ವರ್ಷಗಟ್ಟಲೆ ಹಣ ಹರಿದರೆ ನಮ್ಮ ಹಳ್ಳಿಯಿಂದಲೂ ಜಗತ್ತಿಗೆ ಉತ್ತರ ಸಿಗುತ್ತದೆ ಎಂಬುದಕ್ಕೆ ಇವೆರಡೂ ಸಾಕ್ಷಿ.

ಲಕ್ವಾ ವಿಷಯಕ್ಕೆ ಬಂದರೆ, ದೊಡ್ಡ ಪ್ರಯೋಗವೊಂದು ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳ ಮೇಲೆ ನಡೆಯಿತು. ಮನೆಯವರಿಗೆ ತರಬೇತಿ ಕೊಟ್ಟು ಅವರಿಂದಲೇ ವ್ಯಾಯಾಮ ಮಾಡಿಸಿದರೆ ಆಗುತ್ತದೆಯೇ ಎಂಬುದು ಪ್ರಶ್ನೆ. ರಾಮದುರ್ಗದಿಂದ ಬೆಳಗಾವಿಗೆ ವಾರಕ್ಕೆ ಮೂರು ಸಲ ಬಸ್ ಹತ್ತಲಾಗದ ಕುಟುಂಬಕ್ಕೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ. 2017ರಲ್ಲಿ ಬಂದ ಉತ್ತರ ನಿರಾಸೆಯದು: ಆರು ತಿಂಗಳಾದಾಗ ತೀರಿಕೊಂಡವರು ಅಥವಾ ಇನ್ನೊಬ್ಬರನ್ನು ಅವಲಂಬಿಸಿದವರು ಎರಡೂ ಗುಂಪಿನಲ್ಲಿ ಶೇ 47. ಮಾಮೂಲಿ ಚಿಕಿತ್ಸೆ ಎರಡೂ ಗುಂಪಿಗೆ ಸಿಕ್ಕಿತ್ತು. ಹಾಗಾಗಿ ಥೆರಪಿ ವ್ಯರ್ಥ ಎಂದು ಇದನ್ನು ಓದಬಾರದು. ಕೆಲವು ಗಂಟೆ ಕಲಿಸಿ ಉಳಿದದ್ದನ್ನು ಮನೆಯವರ ಮೇಲೆ ಬಿಟ್ಟರೆ ಹೆಚ್ಚುವರಿ ಲಾಭವಿಲ್ಲ ಎಂದಷ್ಟೇ ಅರ್ಥ. ಇದಕ್ಕೆ ಹಣ ಕೊಟ್ಟದ್ದು ಆಸ್ಟ್ರೇಲಿಯಾ.

ಹಾಗಾದರೆ ಮುಂದಿನ ಪ್ರಶ್ನೆ ಯಾರು ಕೇಳಬೇಕು? ನಮ್ಮ ಆಕ್ಯುಪೇಷನಲ್ ಥೆರಪಿ ಸಂಶೋಧಕರೇ. ದೆಹಲಿಯ ಪಂಡಿತ್ ದೀನದಯಾಳ್ ಉಪಾಧ್ಯಾಯ ರಾಷ್ಟ್ರೀಯ ಸಂಸ್ಥೆಯವರು ನಿತ್ಯದ ಕೆಲಸಗಳನ್ನೇ ವ್ಯಾಯಾಮವಾಗಿಸಿ 103 ಲಕ್ವಾ ರೋಗಿಗಳಲ್ಲಿ ಕೈ ಸುಧಾರಿಸುವುದನ್ನು 2012ರಲ್ಲಿ ತೋರಿಸಿದ್ದಾರೆ. ಆದರೆ ಈ ಕ್ಷೇತ್ರಕ್ಕೇ ಎಂದು ಎತ್ತಿಟ್ಟ ಹಣ ವಿರಳ. ವಿದ್ಯಾರ್ಥಿ ದೆಸೆಯಲ್ಲೇ ಸಂಶೋಧನೆಯ ರುಚಿ ಹತ್ತಿಸಲು ಐಸಿಎಂಆರ್ 1979ರಲ್ಲಿ ಆರಂಭಿಸಿದ ಅಲ್ಪಾವಧಿ ವಿದ್ಯಾರ್ಥಿವೇತನ ವೈದ್ಯ, ದಂತವೈದ್ಯ ವಿದ್ಯಾರ್ಥಿಗಳಿಗೆಂದು ರೂಪಿಸಿದ್ದು. ಅಮೆರಿಕದಲ್ಲಿ ಈ ವೃತ್ತಿಯ ಸಂಶೋಧನೆಗೆಂದೇ 1965ರಿಂದ ಒಂದು ಪ್ರತಿಷ್ಠಾನವಿದೆ. ನಮ್ಮಲ್ಲಿ ಈ ವೃತ್ತಿಯನ್ನೂ ಒಳಗೊಂಡ ರಾಷ್ಟ್ರೀಯ ಆಯೋಗಕ್ಕೆ ಕಾನೂನು ಬಂದದ್ದೇ 2021ರಲ್ಲಿ.

ಇಂಥ ಕೊರತೆಯಲ್ಲೇ ‘ಥೆರಪಿ ಓದುವವರಿಗೆ ಪೂರ್ತಿ ಸ್ಕಾಲರ್‌ಶಿಪ್, ಈ ಲಿಂಕ್ ಒತ್ತಿ’ ಎಂಬ ಸಂದೇಶಗಳಿಗೆ ಜನ ಸಿಗುತ್ತಾರೆ. ಮೊದಲೇ ‘ಪ್ರೊಸೆಸಿಂಗ್ ಫೀ’ ಅಥವಾ ಒಟಿಪಿ ಕೇಳಿದರೆ ಅಲ್ಲೇ ನಿಲ್ಲಿಸಿ. ಕೇಂದ್ರದ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿಗೆ ಶುಲ್ಕವಿಲ್ಲ.

ಮನೆಯಲ್ಲಿ ಮಗು ಕೂರುವುದು, ಹಿಡಿಯುವುದು ತಡವಾಗಿದ್ದರೆ ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೆ ತೋರಿಸಿ. ತಪಾಸಣೆ 18 ವರ್ಷದವರೆಗೆ ಉಚಿತ. ಲಕ್ವಾ ಆದವರನ್ನು ಡಿಸ್ಚಾರ್ಜ್ ಮಾಡುವ ದಿನ ‘ಮನೆಯಲ್ಲಿ ಊಟ, ಸ್ನಾನ, ಬಟ್ಟೆ ಇವನ್ನು ಸ್ವತಃ ಮಾಡಿಕೊಳ್ಳುವುದನ್ನು ಯಾರು ಕಲಿಸುತ್ತಾರೆ, ಎಷ್ಟು ವಾರ?’ ಎಂದು ವೈದ್ಯರನ್ನು ಕೇಳಿ, ಉತ್ತರವನ್ನು ಡಿಸ್ಚಾರ್ಜ್ ಚೀಟಿಯ ಮೇಲೆಯೇ ಬರೆಸಿಕೊಳ್ಳಿ.